ಕೆಟ್ಟವರಾಗಿಯೇ ಇರಲು ನಿಮಗೇನು ಕಷ್ಟವಾಗಿತ್ತು, ಸ್ವಾಮಿ?

ಶ್ರೀ ಜೇಮ್ಸ್ ಫೋರ್ಡ್ ಉರುಫ್ ಸಾಯರ್ ಉರುಫ್ ಜಿಮ್ ಲಫ್ಲೂರ್ ಅವರಿಗೆ,

ಇತ್ತ ನಾವು ಕ್ಷೇಮ. ನಿಮ್ಮ ಕ್ಷೇಮ ಸಮಾಚಾರಕ್ಕೆ ಆಗಾಗ ಬರೆಯುತ್ತಿರಿ ಎನ್ನುವುದು ಪತ್ರದ ಪದ್ಧತಿ. ಆದರೆ ನಿಮಗೆ ವಿಳಾಸವೇ ಇಲ್ಲ. 2010ರ ಮೇ 23ರಂದು ‘ಲಾಸ್ಟ್’ ಧಾರಾವಾಹಿ ಮುಗಿದಾಗ ನೀವು ಒಂದು ವಿಮಾನದಲ್ಲಿ ಕೂತಿದ್ದಿರಿ. ಅದು ಎಲ್ಲಿ ಇಳಿಯಿತು, ಇಳಿದ ಮೇಲೆ ನೀವು ಯಾವ ಹೆಸರಿನಲ್ಲಿ ಓಡಾಡುತ್ತಿದ್ದೀರಿ ಎಂದು ಯಾರೂ ನಮಗೆ ತಿಳಿಸಲಿಲ್ಲ. ಹಾಗಾಗಿ ಈ ಪತ್ರ ಬಹಿರಂಗ. ಎಲ್ಲರೂ ಓದಲಿ, ಅವರಲ್ಲಿ ಒಬ್ಬರಾದರೂ ನಿಮಗೆ ತಲುಪಿಸಲಿ.

ಪತ್ರಗಳ ವಿಷಯ ನಿಮಗೆ ಹೊಸದಲ್ಲ. ಎಂಟೊಂಬತ್ತು ವರ್ಷದ ಹುಡುಗನಾಗಿದ್ದಾಗ ನೀವೇ ಒಂದು ಬರೆದಿದ್ದಿರಿ. ನಿಮ್ಮ ತಾಯಿಯನ್ನು ಮರುಳು ಮಾಡಿ, ಮನೆಯ ಹಣ ಹೊಡೆದುಕೊಂಡು ಹೋದ ಒಬ್ಬ ಠಕ್ಕನಿಗೆ ಅದು. ಆ ಕಾರಣಕ್ಕೆ ನಿಮ್ಮ ತಂದೆ ತಾಯಿಯನ್ನು ಕೊಂದು ತಾನೂ ಗುಂಡು ಹೊಡೆದುಕೊಂಡರು. ನೀವು ಮಂಚದ ಕೆಳಗೆ ಅಡಗಿದ್ದಿರಿ. ಆ ಠಕ್ಕ ಸಾಯರ್ ಎಂದು ಹೆಸರು ಹೇಳಿಕೊಂಡಿದ್ದ. ನಿಮ್ಮ ಪತ್ರ ಟಪಾಲಿಗೆ ಬೀಳಲಿಲ್ಲ, ಜೇಬಿಗೆ ಬಿತ್ತು. ವರ್ಷಗಟ್ಟಲೆ ಮಡಿಸಿ ಬಿಚ್ಚಿ, ಮಡಿಸಿ ಬಿಚ್ಚಿ, ಮಡಿಕೆಯಲ್ಲೇ ಸವೆದುಹೋಗಿತ್ತು. ಕಡೆಗೆ ನೀವು ಅದೇ ಕಸುಬು ಹಿಡಿದಿರಿ, ಅದೇ ಹೆಸರು ಇಟ್ಟುಕೊಂಡಿರಿ. ಯಾರನ್ನು ಹುಡುಕಿ ಕೊಲ್ಲಬೇಕೆಂದಿದ್ದಿರೋ ಅವನೇ ಆದಿರಿ.

ಹೆಸರಿನ ಬಗ್ಗೆ ಒಂದು ಮಾತು. ಕನ್ನಡದಲ್ಲಿ ‘ಸಾಯರು’ ಎಂದರೆ ಸಾಯುವುದಿಲ್ಲ ಎಂದರ್ಥ. ಬಾರರು, ತಾರರು, ಸಾಯರು. ನಿಮ್ಮ ಜೊತೆ ಬಿದ್ದವರಲ್ಲಿ ಬಹುಪಾಲು ಮಂದಿ ಆ ದ್ವೀಪದಲ್ಲೇ ಮಣ್ಣಾದರು, ನೀವು ಬದುಕಿ ವಿಮಾನ ಹತ್ತಿದಿರಿ. ಬರೆದವರಿಗೆ ಕನ್ನಡ ಗೊತ್ತಿರಲಿಲ್ಲ, ಆದರೂ ಹೆಸರಿಗೆ ತಕ್ಕಂತೆ ನಡೆದಿದೆ.

ಈಗ ನನ್ನ ದೂರು. ನೀವು ಕೆಟ್ಟವರಾಗಿದ್ದಿರಿ. ಆ ಕೆಲಸವನ್ನು ಅಚ್ಚುಕಟ್ಟಾಗಿ ಮಾಡುತ್ತಿದ್ದಿರಿ. ಯಾರಿಗೂ ತೊಂದರೆ ಇರಲಿಲ್ಲ. ತೊಂದರೆಯಾದದ್ದು ನೀವು ಒಳ್ಳೆಯವರಾದಾಗ.

ಮೊದಲನೇ ಸೀಸನ್ ನೆನಪಿಸಿಕೊಳ್ಳಿ. 2004ರ ಸೆಪ್ಟೆಂಬರ್ 22. ಸಿಡ್ನಿಯಿಂದ ಲಾಸ್ ಏಂಜಲೀಸಿಗೆ ಹೊರಟ ಓಷಿಯಾನಿಕ್ 815 ಮೂರು ತುಂಡಾಗಿ ದ್ವೀಪದ ಮೇಲೆ ಬಿತ್ತು. ಅಮೆರಿಕದ ಎಬಿಸಿ ವಾಹಿನಿಯಲ್ಲಿ ಮೊದಲ ಕಂತು ಬಂದದ್ದೂ ಅದೇ ದಿನ. ಡಾಕ್ಟರ್ ಜ್ಯಾಕ್ ಗಾಯಕ್ಕೆ ಹೊಲಿಗೆ ಹಾಕುತ್ತಿದ್ದ, ಸಯೀದ್ ರೇಡಿಯೊ ಬಿಚ್ಚುತ್ತಿದ್ದ, ನೀವು ಸತ್ತವರ ಪೆಟ್ಟಿಗೆ ತಡಕುತ್ತಿದ್ದಿರಿ. ಔಷಧಿ, ಬಟ್ಟೆ, ಪುಸ್ತಕ, ಸಿಗರೇಟು ಎಲ್ಲ ನಿಮ್ಮ ಗುಡಾರಕ್ಕೆ. ಬರಗಾಲದಲ್ಲಿ ಅಕ್ಕಿ ಮೂಟೆ ಮುಚ್ಚಿಟ್ಟ ದಿನಸಿ ವ್ಯಾಪಾರಿಯಂತೆ ಕಾಲ ಮೇಲೆ ಕಾಲು ಹಾಕಿ ಕೂತು ಬಂದವರಿಗೆಲ್ಲ ಬೆಲೆ ಹೇಳುತ್ತಿದ್ದಿರಿ. ಒಬ್ಬೊಬ್ಬರಿಗೂ ಒಂದೊಂದು ಅಡ್ಡಹೆಸರು. ದಪ್ಪಗಿದ್ದ ಹರ್ಲಿಗಂತೂ ದಿನಕ್ಕೊಂದು. ಆಮೇಲೊಮ್ಮೆ ಅದೇ ಹರ್ಲಿ ಪಿಂಗ್‌ಪಾಂಗ್ ಆಟದಲ್ಲಿ ನಿಮ್ಮನ್ನು ಸೋಲಿಸಿ, ಒಂದು ವಾರ ಯಾರಿಗೂ ಅಡ್ಡಹೆಸರು ಇಡಕೂಡದೆಂದು ಪಣದ ಪ್ರಕಾರ ಬಾಯಿ ಹೊಲಿದದ್ದು ಬೇರೆ ಮಾತು.

ಜೊತೆಗೆ ಬಿದ್ದ ಶ್ಯಾನನ್‌ಗೆ ಉಬ್ಬಸ ಕಾಣಿಸಿಕೊಂಡ ದಿನದ್ದೊಂದು ದೃಶ್ಯವಿದೆ. ಅವಳ ಇನ್‌ಹೇಲರ್‌ಗಳು ನಿಮ್ಮ ಬಳಿ ಇವೆ ಎಂದು ಎಲ್ಲರೂ ನಂಬಿದ್ದರು. ಸಯೀದ್ ನಿಮ್ಮನ್ನು ಮರಕ್ಕೆ ಕಟ್ಟಿ ಉಗುರಿನ ಸಂದಿಗೆ ಬಿದಿರಿನ ಸಿಬಿರು ಚುಚ್ಚಿದ. ನೀವು ಕಿರುಚಿದಿರೇ ಹೊರತು ಬಾಯಿ ಬಿಡಲಿಲ್ಲ. ಜೊತೆಗಾತಿ ಕೇಟ್‌ಗೆ ಮಾತ್ರ ಹೇಳುತ್ತೇನೆ, ಅದಕ್ಕೆ ಒಂದು ಮುತ್ತು ಬೆಲೆ ಎಂದಿರಿ. ಅವಳು ಕೊಟ್ಟಳು. ಆಗ ಹೇಳಿದಿರಿ: ನನ್ನ ಹತ್ತಿರ ಇಲ್ಲ, ಯಾವತ್ತೂ ಇರಲಿಲ್ಲ. ಇಲ್ಲದ ಮಾಲಿಗೆ ಬಿದಿರು ಚುಚ್ಚಿಸಿಕೊಂಡ ವ್ಯಾಪಾರಿ ಪ್ರಪಂಚದಲ್ಲಿ ನೀವೊಬ್ಬರೇ. ಅವತ್ತೇ ನನಗೆ ಅನುಮಾನ ಬರಬೇಕಿತ್ತು. ಕೆಟ್ಟವನೆಂಬ ಹೆಸರನ್ನು ನೋವು ತಿಂದಾದರೂ ಉಳಿಸಿಕೊಳ್ಳುತ್ತಿದ್ದಾನೆಂದರೆ ಅದು ಅವನ ಸ್ವಂತ ಹೆಸರಲ್ಲ, ಬಾಡಿಗೆಯದು.

ನನಗೆ ಬರದ ಅನುಮಾನ ನನ್ನ ಹೆಂಡತಿಗೆ ಬಂತು. ಮೊದಲ ಸೀಸನ್ನಿನ ಕೊನೆಯ ಕಡೆ ನಿಮಗೆ ತಲೆನೋವು ಶುರುವಾಗುತ್ತದೆ. ಓದಿ ಓದಿ ಕಣ್ಣಿಗೆ ಆಯಾಸವಾಗಿದೆ, ದೂರದೃಷ್ಟಿ ದೋಷ ಎನ್ನುತ್ತಾನೆ ಜ್ಯಾಕ್. ಸಯೀದ್ ಎರಡು ಮುರುಕು ಕನ್ನಡಕ ಬೆಸೆದು ಒಂದು ಮಾಡಿ ಕೊಡುತ್ತಾನೆ. ಉಗುರಿಗೆ ಬಿದಿರು ಚುಚ್ಚಿದ ಅದೇ ಸಯೀದ್. ಆ ಪಾತ್ರ ಮಾಡಿದ ನವೀನ್ ಆಂಡ್ರ್ಯೂಸ್ ಲಂಡನ್ನಿನಲ್ಲಿ ಹುಟ್ಟಿದ ಮಲಯಾಳಿ ಮನೆತನದ ಹುಡುಗ. ಇರಾಕಿ ಸೈನಿಕನಾಗಿ ನಿಂತಾಗಲೂ ನಮಗೆ ಪಕ್ಕದ ಮನೆಯವನಂತೆ ಕಾಣುತ್ತಿದ್ದ. ಆ ಕನ್ನಡಕ ನಿಮ್ಮ ಮೂಗಿನ ಮೇಲೆ ಸೊಟ್ಟಗೆ ಕೂತದ್ದೇ ತಡ, ನನ್ನ ಹೆಂಡತಿ, “ಇವ್ನು ಒಳ್ಳೆಯವನಾಗ್ತಾನೆ ಬಿಡಿ, ಕನ್ನಡಕ ಹಾಕ್ಕೊಂಡ್ನಲ್ಲ” ಅಂದಳು. ನಾನು ನಕ್ಕಿದ್ದೆ.

ಅವಳ ಮಾತು ಸುಳ್ಳೆಂದು ತೋರಿಸಲು ನೀವೂ ಕಷ್ಟಪಟ್ಟಿರಿ, ಒಪ್ಪುತ್ತೇನೆ. ಎರಡನೇ ಸೀಸನ್ನಿನಲ್ಲಿ ಸಹಪ್ರಯಾಣಿಕ ಚಾರ್ಲಿಯನ್ನು ಬಳಸಿಕೊಂಡು ಸನ್ ಎಂಬ ಹೆಂಗಸಿನ ಮೇಲೆ ದಾಳಿಯ ನಾಟಕ ಆಡಿಸಿ, ಶಿಬಿರದ ಬಂದೂಕನ್ನೆಲ್ಲ ಬಾಚಿಕೊಂಡಿರಿ. ರಾತ್ರಿಯೆಲ್ಲ ವಟಗುಟ್ಟಿ ನಿಮ್ಮ ನಿದ್ದೆ ಕೆಡಿಸಿದ ಬೆರಳು ಗಾತ್ರದ ಮರಗಪ್ಪೆಯನ್ನು, ದೂರ ಬಿಟ್ಟು ಬರೋಣ ಎಂದು ಹರ್ಲಿ ಹೇಳುತ್ತಿದ್ದಂತೆಯೇ ಮುಷ್ಟಿಯಲ್ಲಿ ಹಿಸುಕಿ ಕೊಂದಿರಿ. ಆ ಕಂತಿನ ನಂತರ ನಮ್ಮ ಮನೆಯಲ್ಲಿ ಒಂದು ವಾರ ಯಾರೂ ನಿಮ್ಮ ಹೆಸರು ಎತ್ತಲಿಲ್ಲ. ನನಗೆ ಸಮಾಧಾನವಾಯಿತು. ಹುಟ್ಟುಗುಣ ಸುಟ್ಟರೂ ಹೋಗದು ಎನ್ನುವ ಗಾದೆಗೆ ನೀವು ಕಾವಲು ನಿಂತಿದ್ದೀರಿ ಎಂದುಕೊಂಡೆ.

ಅಷ್ಟರಲ್ಲಿ ಮೂರನೇ ಸೀಸನ್ ಬಂತು.

ಆ ಸೀಸನ್ನಿನಲ್ಲಿ ನಿಕ್ಕಿ, ಪಾವ್ಲೊ ಎಂಬ ಜೋಡಿಯೊಂದನ್ನು ತಂದು ನಡುವೆ ನಿಲ್ಲಿಸಿದರು. ಪ್ರೇಕ್ಷಕರಿಗೆ ಹಿಡಿಸಲಿಲ್ಲ. ಬರೆದವರು ಜೇಡದಿಂದ ಕಚ್ಚಿಸಿ, ಇಬ್ಬರನ್ನೂ ಜೀವಂತವಾಗಿ ಮರಳಿನಲ್ಲಿ ಹೂತುಬಿಟ್ಟರು. ಬದಲಾಗಲು ಬಾರದ ಪಾತ್ರಕ್ಕೆ ಟೀವಿಯಲ್ಲಿ ಅದೇ ಗತಿ. ಹೂತದ್ದು ನೀವು ಮತ್ತು ಹರ್ಲಿ. ಆ ಜೋಡಿಯ ಬಳಿ ಎಂಬತ್ತು ಲಕ್ಷ ಡಾಲರ್ ಬೆಲೆಯ ವಜ್ರದ ಚೀಲವಿತ್ತು. ಅದು ನಿಮ್ಮ ಕೈಗೆ ಬಂತು. ನೀವು ಅದನ್ನು ಬಿಚ್ಚಿ, ಹೆಣದ ಮೇಲೆ ಅಕ್ಷತೆ ಹಾಕಿದಂತೆ ಉದುರಿಸಿದಿರಿ. ನಾನು ಟೀವಿಯ ಮುಂದೆ ಎದ್ದು ನಿಂತೆ. ಮುಂದಿನ ಕಂತಿನಲ್ಲಿ ಹರ್ಲಿ ಬಂದು, ಶಿಬಿರದವರೆಲ್ಲ ಮತ ಹಾಕಿ ನಿನ್ನನ್ನು ಹೊರಗಟ್ಟುತ್ತಾರೆ, ಸ್ವಲ್ಪ ಒಳ್ಳೆಯವನಾಗು ಎಂದು ಹೆದರಿಸಿದ. ನೀವು ಹೋಗಿ ಬಾಣಂತಿ ಕ್ಲೇರ್‌ಗೆ ಕಂಬಳಿ ಕೊಟ್ಟಿರಿ, ಹಂದಿ ಬೇಟೆಯಾಡಿ ಊರಿಗೆಲ್ಲ ಬಾಡೂಟ ಹಾಕಿಸಿದಿರಿ. ಜನ ನಕ್ಕರು, ತಿಂದರು, ನಿಮ್ಮ ಸುತ್ತ ಕೂತರು. ಆಮೇಲೆ ತಿಳಿಯಿತು, ಮತದಾನವೂ ಇಲ್ಲ ಮಣ್ಣೂ ಇಲ್ಲ. ಜ್ಯಾಕ್, ಲಾಕ್ ಇಬ್ಬರೂ ಇಲ್ಲದ ಹೊತ್ತಿನಲ್ಲಿ ಊರಿಗೊಬ್ಬ ಯಜಮಾನ ಬೇಕಿತ್ತು, ಹರ್ಲಿ ನಿಮಗೆ ಟೋಪಿ ಹಾಕಿದ್ದ. ನಿಮ್ಮನ್ನು ಒಳ್ಳೆಯವರನ್ನಾಗಿ ಮಾಡಲೂ ಒಂದು ಮೋಸವೇ ಬೇಕಾಯಿತು.

ಮೋಸದ ಮಾತು ಬಂದದ್ದರಿಂದ ನನ್ನದೂ ಹೇಳಿಬಿಡುತ್ತೇನೆ. ನಿಮ್ಮ ಕಥೆಯನ್ನು ನಾನು ನೋಡಿದ್ದು ಊರ ನಡುವಿನ ಒಂದು ಮಾರುಕಟ್ಟೆಯಲ್ಲಿ ಕೊಂಡ ಕಳ್ಳ ಡಿವಿಡಿಗಳಲ್ಲಿ. ಐದನೇ ಸೀಸನ್ ಎಂದು ಅಂಗಡಿಯವನು ಪ್ಯಾಕ್ ಮಾಡಿ ಕೊಟ್ಟ. ಮನೆಗೆ ಬಂದು ಹಾಕಿದರೆ ಯಾವುದೋ ಕುಂಗ್‌ಫೂ ಸಿನಿಮಾ. ಮರುದಿನ ಹೋಗಿ ಕೇಳಿದೆ. ಅವನು ಒಂದು ಚೂರೂ ಮುಜುಗರಪಡದೆ, “ಅದೂ ಚೆನ್ನಾಗಿದೆ ಸಾರ್, ನೋಡಿ” ಅಂದ. ಕಳ್ಳನ ಕಥೆಯನ್ನು ಕಳ್ಳಮಾಲಿನಲ್ಲಿ ನೋಡುವವನು ದೂರು ಕೊಡುವುದಾದರೂ ಯಾರಿಗೆ? ಅವನಿಗೆ ನಿಮ್ಮದೇ ನಗು ಇತ್ತು, ಕೆನ್ನೆಯಲ್ಲಿ ಗುಳಿ ಸಮೇತ.

ವಿಷಯಕ್ಕೆ ಬರುತ್ತೇನೆ. ನಿಮ್ಮ ದ್ವೀಪದಲ್ಲಿ ಎಲ್ಲರೂ ಬದಲಾದರು ಎನ್ನುವುದು ಲೋಕದ ಮಾತು. ನಾನು ಆರೂ ಸೀಸನ್ ಎರಡೆರಡು ಸಲ ನೋಡಿದವನು, ನನಗೆ ಹಾಗೆ ಅನಿಸುವುದಿಲ್ಲ. ಲೆಕ್ಕ ಹಾಕಿ. ಮೊದಲ ನಾಲ್ಕು ಸೀಸನ್ನಿನಲ್ಲಿ, ಅಂದರೆ 2004ರಿಂದ 2008ರವರೆಗೆ ನಾವು ಬೆವರು ಸುರಿಸಿ ನೋಡಿದ್ದರಲ್ಲಿ, ದ್ವೀಪದ ಮೇಲೆ ಕಳೆದದ್ದು ಸುಮಾರು ನೂರು ದಿನ. ನೂರು ದಿನದಲ್ಲಿ ಮನುಷ್ಯ ಏನು ಬದಲಾಗುತ್ತಾನೆ? ಬೆಳೆಯುವ ಹುಡುಗನೊಬ್ಬ ಬದಲಾಗುತ್ತಾನೆ, ಅಷ್ಟೇ. ವಾಲ್ಟ್ ಪಾತ್ರದ ಹುಡುಗ ಕಥೆಯ ದಿನಕ್ಕೆ ಕಾಯದೆ ಸರಸರ ಬೆಳೆದುಬಿಟ್ಟ. ಅವನನ್ನು ಮೊದಲ ಸೀಸನ್ನಿನ ಕೊನೆಗೇ ದ್ವೀಪವಾಸಿಗಳ ಕೈಲಿ ಅಪಹರಣ ಮಾಡಿಸಿದ್ದು ಪುಣ್ಯ. ಮತ್ತೆ ಕಂಡಾಗ ಯಾಕೋ ಎತ್ತರವಾಗಿದ್ದಾನೆ ಎಂದು ಪಾತ್ರಗಳೇ ಹೇಳಬೇಕಾಯಿತು.

ಉಳಿದವರ ಬದಲಾವಣೆಯೆಂದು ನಮಗೆ ಕಂಡದ್ದು ಫ್ಲ್ಯಾಶ್‌ಬ್ಯಾಕಿನ ಕೈಚಳಕ. ಲಾಕ್ ನೋಡಿ. ಬೋಳುತಲೆ, ಪೆಟ್ಟಿಗೆ ತುಂಬ ಚಾಕು, ಕಾಡುಹಂದಿಯ ಹಿಂದೆ ಓಡುವ ಬೇಟೆಗಾರ. ನಾಲ್ಕನೇ ಕಂತಿನ ಕೊನೆಯಲ್ಲಿ ಕ್ಯಾಮೆರಾ ನಿಧಾನವಾಗಿ ಸರಿದು ಅವನು ಕೂತಿದ್ದ ಗಾಲಿಕುರ್ಚಿ ತೋರಿಸುತ್ತದೆ. ನಾಲ್ಕು ವರ್ಷ ಕಾಲಿನ ಸ್ವಾಧೀನ ತಪ್ಪಿದ್ದವನು ವಿಮಾನ ಬಿದ್ದ ದಿನ ಎದ್ದು ನಿಂತಿದ್ದ. ಅಲ್ಲಿ ಬದಲಾದದ್ದು ಲಾಕ್ ಅಲ್ಲ, ಸೋಫಾ ಮೇಲೆ ಕೂತಿದ್ದ ನಾವು. ಹಿಂದಿನ ಮೂರು ಕಂತು ನಮ್ಮ ತಲೆಯೊಳಗೇ ಬೇರೆಯಾದವು. ಅದು ಟೀವಿ ಕಂಡ ಅತ್ಯಂತ ಒಳ್ಳೆಯ ನಲವತ್ತು ನಿಮಿಷಗಳಲ್ಲಿ ಒಂದು ಎಂದು ನಾನು ಈಗಲೂ ವಾದಿಸುತ್ತೇನೆ. ಆದರೆ ಆ ಮನುಷ್ಯ ಮೊದಲ ದಿನ ಹೇಗಿದ್ದನೋ ಕೊನೆಯ ದಿನವೂ ಹಾಗೆಯೇ ಇದ್ದ. ಯಾರಾದರೂ ‘ನೀನು ವಿಶೇಷದವನು’ ಎಂದರೆ ಸಾಕು, ನಂಬುತ್ತಿದ್ದ. ಅಪ್ಪ ಹೇಳಿದ, ನಂಬಿ ಮೂತ್ರಪಿಂಡ ಕೊಟ್ಟ. ದ್ವೀಪ ಹೇಳಿತು, ನಂಬಿ ಪ್ರಾಣ ಕೊಟ್ಟ. ಲಾಸ್ ಏಂಜಲೀಸಿನ ಹೋಟೆಲ್ ಕೋಣೆಯಲ್ಲಿ ದ್ವೀಪವಾಸಿಗಳ ನಾಯಕ ಬೆನ್ ಅವನ ಕತ್ತು ಹಿಸುಕಿದ. ಆಮೇಲೆ ಅವನ ರೂಪ ತೊಟ್ಟು ಓಡಾಡಿದ್ದು ಇನ್ಯಾರೋ.

ಫ್ಲ್ಯಾಶ್‌ಬ್ಯಾಕ್ ಎಷ್ಟು ದಿನ ನಡೆಯುತ್ತದೆ? ಬಾವಿ ಬತ್ತಿತು. ಕೊನೆಗೆ ಜ್ಯಾಕ್‌ನ ತೋಳಿನ ಹಚ್ಚೆ ಎಲ್ಲಿಂದ ಬಂತು ಎಂದು ಹೇಳಲು ಅವನನ್ನು ಥಾಯ್ಲೆಂಡಿಗೆ ಕಳಿಸಿ ಒಂದಿಡೀ ಕಂತು ತೆಗೆದರು. ಆ ಹೊತ್ತಿಗೆ ಬರೆಯುವವರಿಗೂ ಸಾಕಾಗಿತ್ತು. 2007ರ ಮೇ ತಿಂಗಳಲ್ಲಿ, ಇನ್ನು ಮೂರೇ ಸೀಸನ್, 2010ಕ್ಕೆ ಮುಕ್ತಾಯ ಎಂದು ವಾಹಿನಿಯಿಂದ ಘೋಷಣೆ ಮಾಡಿಸಿಕೊಂಡರು. ಓಡುವ ಧಾರಾವಾಹಿಗೆ ಮೂರು ವರ್ಷ ಮುಂಚೆಯೇ ಮುಗಿಯುವ ದಿನ ಗೊತ್ತುಮಾಡುವುದು ಅಮೆರಿಕದಲ್ಲೂ ಅಪರೂಪ. ಮದುವೆ ಮಂಟಪದಲ್ಲೇ ಐವತ್ತು ಕಂತು ಕಳೆಯುವ ನಮ್ಮ ಧಾರಾವಾಹಿಗಳ ಮಂದಿಗೆ ಇದನ್ನು ಯಾರಾದರೂ ಓದಿ ಹೇಳಬೇಕು.

ಜ್ಯಾಕ್ ಬದಲಾದನಲ್ಲ, ವಿಜ್ಞಾನದಿಂದ ನಂಬಿಕೆಗೆ ಬಂದನಲ್ಲ ಎನ್ನುತ್ತೀರಾ? ಅವನ ಕಥೆ ಗೊತ್ತೇ ನಿಮಗೆ? ಅವನನ್ನು ಮೊದಲ ಕಂತಿನಲ್ಲೇ ಸಾಯಿಸುವ ಯೋಚನೆಯಿತ್ತು. ವಾಹಿನಿಯವರು ತಡೆದರು. ಆ ಋಣಕ್ಕೋ ಏನೋ ಅವನು ಕೊನೆಯವರೆಗೂ ಒಂದೇ ಕೆಲಸ ಮಾಡಿದ: ರಿಪೇರಿ. ಬೆನ್ನುಮೂಳೆ ರಿಪೇರಿ, ಮದುವೆ ರಿಪೇರಿ, ಅಪ್ಪನ ರಿಪೇರಿ. ಎಲ್ಲ ಮುಗಿದ ಮೇಲೆ ಕಾಲವನ್ನೇ ರಿಪೇರಿ ಮಾಡುತ್ತೇನೆಂದು 1977ರಲ್ಲಿ ಹೈಡ್ರೋಜನ್ ಬಾಂಬ್ ಹೊತ್ತುಕೊಂಡು ಹೊರಟ. ಕಡೇ ಕಂತಿನಲ್ಲಿ ಅವನು ಮಾಡುವುದಾದರೂ ಏನು? ಬೆಳಕಿನ ಬುಗ್ಗೆಯ ಬಾಯಿಗೆ ಕಿತ್ತುಬಂದ ಕಲ್ಲಿನ ಬಿರಡೆಯನ್ನು ತಿರುಗಿ ಕೂರಿಸುವುದು. ಅದಕ್ಕೆ ನಂಬಿಕೆ ಎಂದು ಹೆಸರಿಟ್ಟರು. ನಮ್ಮ ಬೀದಿಯ ಕೊಳಾಯಿ ರಿಪೇರಿಯವನು ಅದನ್ನು ಕೆಲಸ ಎನ್ನುತ್ತಾನೆ.

ಬೆನ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ಮೂರು ಕಂತಿಗೆಂದು ಬಂದ ನಟ ಮೈಕೇಲ್ ಎಮರ್ಸನ್ ಆ ಕಣ್ಣು ಬಿಟ್ಟುಕೊಂಡು ಕೊನೆಯ ಕಂತಿನವರೆಗೂ ಕೂತರು. ಅದು ಪಾತ್ರದ ಬದಲಾವಣೆಯಲ್ಲ, ಬಾಡಿಗೆದಾರ ಮನೆಯೊಡೆಯನಾದ ಕಥೆ.

ಬದಲಾದವರೆಂದು ನಾನು ಮನಸಾರೆ ಒಪ್ಪುವುದು ಜಿನ್ ಒಬ್ಬನನ್ನೇ. ದ್ವೀಪಕ್ಕೆ ಬಿದ್ದ ಹೊಸದರಲ್ಲಿ ಹೆಂಡತಿಗೆ, ಮೇಲಿನ ಗುಂಡಿ ಹಾಕಿಕೋ ಎಂದು ಕೊರಿಯನ್ ಭಾಷೆಯಲ್ಲಿ ಗದರಿಸಿದ ಗಂಡ ಅವನು. ಸನ್ ಅವನಿಗೆ ಗೊತ್ತಾಗದಂತೆ ಇಂಗ್ಲಿಷ್ ಕಲಿತಿದ್ದಳು, ಅವನನ್ನು ಬಿಟ್ಟು ಹೋಗಲೆಂದೇ. ಕೊನೆಗೆ ಮುಳುಗುವ ಜಲಾಂತರ್ನೌಕೆಯಲ್ಲಿ ಅವಳು ಕಬ್ಬಿಣದ ಅಡಿ ಸಿಕ್ಕಿಬಿದ್ದಾಗ, ಹೋಗು ಎಂದರೂ ಹೋಗದೆ ಅವಳ ಕೈ ಹಿಡಿದು ನಿಂತ. ಈ ವಿಷಯಕ್ಕೆ ಮತ್ತೆ ಬರಬೇಕು. ನಿಮಗೂ ಗೊತ್ತು ಯಾಕೆಂದು.

ಈಗ ನಿಮ್ಮ ಸರದಿ. ನಾಲ್ಕನೇ ಸೀಸನ್ನಿನ ಕೊನೆಯಲ್ಲಿ ನೀವೆಲ್ಲ ಹೆಲಿಕಾಪ್ಟರ್ ಹತ್ತಿ ಪಾರಾಗುತ್ತಿದ್ದಿರಿ. ಇಂಧನ ಸೋರುತ್ತಿತ್ತು, ಭಾರ ಇಳಿಸಬೇಕಿತ್ತು. ನೀವು ಕೇಟ್‌ಳ ಕಿವಿಯಲ್ಲಿ ಏನೋ ಪಿಸುಗುಟ್ಟಿ, ಮುತ್ತು ಕೊಟ್ಟು, ಸಮುದ್ರಕ್ಕೆ ಹಾರಿದಿರಿ. ಈ ಸಲ ಮುತ್ತಿಗೆ ಬೆಲೆ ಕೇಳಲಿಲ್ಲ. ನಮ್ಮಲ್ಲಿ ಪುಣ್ಯಕೋಟಿ ಎಂಬ ಹಸುವಿನ ಕಥೆಯಿದೆ, ಪ್ರತಿ ಮಗುವಿಗೂ ಗೊತ್ತು. ಅದರಲ್ಲೊಂದು ಹುಲಿ. ಹಸುವಿನ ಸತ್ಯಕ್ಕೆ ಕರಗಿ, ತಾನು ಇನ್ನು ಬದುಕಲಾರೆ ಎಂದು ಹಾರಿ ಪ್ರಾಣ ಬಿಡುತ್ತದೆ. ಆ ಹುಲಿ ಮಾಡಿದ ಅಚ್ಚುಕಟ್ಟು ಕೆಲಸವೆಂದರೆ ಸತ್ತದ್ದು. ಬದಲಾದ ಮೇಲೆ ಮರುದಿನ ಬೆಳಿಗ್ಗೆ ಏನು ತಿನ್ನುವುದು ಎಂಬ ತಾಪತ್ರಯ ಅದಕ್ಕೆ ಬರಲಿಲ್ಲ. ನೀವು ಹಾರಿದಿರಿ, ಈಜಿದಿರಿ, ಒದ್ದೆ ಮೈಯಲ್ಲಿ ದಡಕ್ಕೆ ಬಂದಿರಿ. ಅಲ್ಲಿ ಡಾಕ್ಟರ್ ಜೂಲಿಯೆಟ್ ಒಬ್ಬಳೇ ರಮ್ ಬಾಟಲಿ ಹಿಡಿದು ಕೂತಿದ್ದಳು. ಮರುದಿನದ ತಾಪತ್ರಯ ನಿಮಗೆ ಗಂಟುಬಿತ್ತು.

ಕಾಲ ಕುಣಿದಾಡಿ ನಿಮ್ಮನ್ನು 1974ಕ್ಕೆ ಎಸೆಯಿತು. ಅಲ್ಲಿದ್ದವರು ಧರ್ಮ ಇನಿಷಿಯೇಟಿವ್ ಎಂಬ ಸಂಶೋಧಕರ ಊರಿನವರು. ನಮ್ಮ ಧರ್ಮವಲ್ಲ, ಉದ್ದನೆಯ ಇಂಗ್ಲಿಷ್ ಹೆಸರೊಂದರ ಮೊದಲಕ್ಷರ ಜೋಡಿಸಿದ್ದು. ಆದರೂ ಅವರು ಒಬ್ಬರಿಗೊಬ್ಬರು ‘ನಮಸ್ತೆ’ ಎನ್ನುತ್ತಿದ್ದರು. ನೆಲಮಾಳಿಗೆಯಲ್ಲಿ ಪ್ರತಿ 108 ನಿಮಿಷಕ್ಕೊಮ್ಮೆ ಗುಂಡಿ ಒತ್ತಬೇಕಿತ್ತು, ಇಲ್ಲದಿದ್ದರೆ ಪ್ರಳಯ. ನಿಮ್ಮ ಕೊನೆಯ ವಿಮಾನದ ಕಂಪನಿ ‘ಅಜಿರಾ’, ಸಂಸ್ಕೃತದಲ್ಲಿ ಅಂಗಳ. ಅಷ್ಟೋತ್ತರ, ಧರ್ಮ, ನಮಸ್ತೆ ಎಲ್ಲ ಇದ್ದೂ ಆರು ಸೀಸನ್ನಿನಲ್ಲಿ ಒಬ್ಬರೂ ಒಂದು ಲೋಟ ನೆಟ್ಟಗಿನ ಕಾಫಿ ಕುಡಿಯಲಿಲ್ಲ.

ಆ ಊರಿಗೆ ಕಾಲಿಟ್ಟ ಮೊದಲ ರಾತ್ರಿ ನೀವು ಏನು ಮಾಡಿದಿರಿ? ಸುಳ್ಳು ಹೇಳಿದಿರಿ. ನಾನು ಹಡಗಿನ ಕಪ್ತಾನ, ಹೆಸರು ಲಫ್ಲೂರ್, ಬ್ಲ್ಯಾಕ್ ರಾಕ್ ಎಂಬ ಹಳೇ ಹಡಗು ಹುಡುಕುತ್ತಾ ಬಂದು ಅಪ್ಪಳಿಸಿಕೊಂಡೆವು ಎಂದಿರಿ. ಒಂದು ಹನಿ ಬೆವರಲಿಲ್ಲ. ಅವತ್ತೇ ಇನ್ನೊಂದು ಕಷ್ಟ ಬಂತು, ಊರಿಗೂ ದ್ವೀಪದ ಮೂಲನಿವಾಸಿಗಳಿಗೂ ಜಗಳ ಬೀಳುವಂಥದ್ದು. ಆ ಮೂಲನಿವಾಸಿಗಳ ಕಡೆಯ ರಿಚರ್ಡ್ ಬಂದು ಎದುರು ಕೂತ. ಅವನಿಗೆ ಮಾತ್ರ ನೀವು ನಿಜ ಹೇಳಿದಿರಿ, ನಂಬಲಸಾಧ್ಯವಾದ ನಿಜ. ಯಾರಿಗೆ ಸುಳ್ಳು ಹೇಳಬೇಕು, ಯಾರಿಗೆ ನಿಜ ಹೇಳಿದರೆ ಕೆಲಸವಾಗುತ್ತದೆ ಎಂಬ ಠಕ್ಕನ ಮೂಗು ಅದು. ಹಿಂದೆ ಆ ಮೂಗು ಹೆಂಗಸರ ಉಳಿತಾಯ ಹುಡುಕುತ್ತಿತ್ತು. ಅವತ್ತು ನಿಮ್ಮ ಐದು ಜನರ ತಲೆ ಉಳಿಸಿತು. ಕಸುಬು ಅದೇ, ಗಿರಾಕಿ ಬೇರೆ.

ಆಮೇಲೆ ಪರದೆಯ ಮೇಲೆ ಒಂದು ಸಾಲು ಬಂತು: ಮೂರು ವರ್ಷದ ನಂತರ.

ಇದೇ ನನ್ನ ಹೊಟ್ಟೆಯುರಿ. ವರ್ಷಗಟ್ಟಲೆ ಕಾದವರು ನಾವು. ನಿಮ್ಮ ಬಿದಿರು, ನಿಮ್ಮ ಕಪ್ಪೆ, ಕರಡಿ ಪಂಜರದಲ್ಲಿ ನೀವು ಒದ್ದಾಡಿ ಪಡೆದ ಮೀನಿನ ಬಿಸ್ಕತ್ತು, ಎಲ್ಲವನ್ನೂ ನಿಮಿಷ ನಿಮಿಷವಾಗಿ ತೋರಿಸಿದರು. ನೀವು ನಿಜಕ್ಕೂ ಮನುಷ್ಯರಾದ ಮೂರು ವರ್ಷವನ್ನು ಮಾತ್ರ ಒಂದು ಸಾಲಿನಲ್ಲಿ ದಾಟಿಸಿದರು. ಸಾಲು ಸರಿದಾಗ ನೀವು ಊರಿನ ಭದ್ರತಾ ಮುಖ್ಯಸ್ಥ. ಪೋಲಿಯನ್ನು ಪೊಲೀಸ್ ಮಾಡಿದರೆ ಊರು ಉದ್ಧಾರ ಎಂದು ನಮ್ಮಲ್ಲೂ ಹೇಳುತ್ತಾರೆ. ಕುಡಿದು ಮರಗಳಿಗೆ ಡೈನಮೈಟ್ ಎಸೆಯುತ್ತಿದ್ದ ಯಜಮಾನ ಹೊರೇಸನನ್ನು ಹೊತ್ತು ತಂದು ಮಲಗಿಸುತ್ತೀರಿ. ಅವನ ಹೆಂಡತಿಗೆ ಹೆರಿಗೆ ನೋವು, ಹೆರಿಗೆಯೇ ಮಾಡಿಸುವುದಿಲ್ಲವೆಂದು ಕೂತಿದ್ದ ಜೂಲಿಯೆಟ್‌ಳನ್ನು ಒಪ್ಪಿಸುತ್ತೀರಿ. ಸಂಜೆ ದಾರಿಯಲ್ಲಿ ಒಂದು ಹೂ ಕಿತ್ತು ಮನೆಗೆ ಬರುತ್ತೀರಿ. ಅವಳು ಅಡಿಗೆ ಮಾಡುತ್ತಿರುತ್ತಾಳೆ. ಕನ್ನಡಕ ಮೂಗಿನ ಮೇಲೆ. ನನ್ನ ಹೆಂಡತಿ ಆಗ ಏನೂ ಅನ್ನಲಿಲ್ಲ, ನನ್ನ ಕಡೆ ಒಮ್ಮೆ ನೋಡಿದಳು ಅಷ್ಟೇ.

ಆಮೇಲೆ ಹೊರೇಸ್‌ಗೆ ನೀವು ಹೇಳುತ್ತೀರಿ, ಒಬ್ಬಳನ್ನು ಮರೆಯಲು ಮೂರು ವರ್ಷ ಧಾರಾಳ ಸಾಕು ಎಂದು. ನನಗೂ ಒಬ್ಬಳಿದ್ದಳು, ಈಗ ಮುಖವೇ ಸರಿಯಾಗಿ ನೆನಪಾಗುವುದಿಲ್ಲ ಎಂದು. ಅಷ್ಟಾದ ಮೇಲೆ ಫೋನು. ಬೆಳಗಿನ ಹುಲ್ಲುಗಾವಲಿಗೆ ಹೋದರೆ ಜಿನ್‌ನ ವ್ಯಾನಿನಿಂದ, ಹಿಂದೆ ಪಾರಾಗಿ ಹೋಗಿದ್ದ ಜ್ಯಾಕ್, ಹರ್ಲಿ, ಕೊನೆಗೆ ಕೇಟ್ ಇಳಿಯುತ್ತಾರೆ. ನಿಮ್ಮ ಪಾತ್ರ ಮಾಡಿದ ಜೋಶ್ ಹಾಲೊವೇ ಆ ಕ್ಷಣ ಏನೂ ಮಾಡುವುದಿಲ್ಲ. ಕನ್ನಡಕ ತೆಗೆಯುತ್ತಾರೆ, ಅಷ್ಟೇ. ಸೂಟು ತೊಟ್ಟ ನಯವಂಚಕನಾಗಬೇಕಿದ್ದ ನಿಮ್ಮ ಪಾತ್ರ, ಆಯ್ಕೆಯ ದಿನ ಈ ನಟರು ಮಾತು ಮರೆತು ಸಿಟ್ಟಿಗೆದ್ದು ಕುರ್ಚಿ ಒದ್ದರೆಂದೇ ಒರಟನಾಗಿ ಬದಲಾಯಿತಂತೆ. ಕುರ್ಚಿ ಒದ್ದವರಿಗೆ ಸುಮ್ಮನೆ ನಿಲ್ಲಲೂ ಬರುತ್ತದೆಂದು ಗೊತ್ತಾಗಲು ಐದು ಸೀಸನ್ ಬೇಕಾಯಿತು.

ಆ ರಾತ್ರಿ ಜ್ಯಾಕ್ ನಿಮ್ಮ ಮನೆಗೆ ಬಂದು, ನೀನು ಓದುತ್ತಾ ಕೂತಿದ್ದೀಯಲ್ಲ ಎಂದು ಹಂಗಿಸಿದ. ಬಾಂಬು ಬೀಳುವಾಗಲೂ ಚರ್ಚಿಲ್ ಓದುತ್ತಿದ್ದರಂತೆ, ನೀನು ಯೋಚಿಸದೆ ನುಗ್ಗುತ್ತಿದ್ದೆ, ಜನ ಸತ್ತರು, ನಾನು ಯೋಚಿಸುತ್ತೇನೆ ಎಂದಿರಿ. ಹೇಳಿ ಕಳಿಸಿದಿರಿ, ಪುಸ್ತಕ ತೆರೆದಿರಿ. ಆ ಮಾತು ಕೇಳಿದಾಗ ನಿಮ್ಮನ್ನು ಪೂರ್ತಿ ನಂಬಿದೆ. ಯಾಕೆಂದರೆ ನೀವು ಮೊದಲ ದಿನದಿಂದಲೂ ಓದುತ್ತಿದ್ದವರೇ. ಸತ್ತವರ ಪೆಟ್ಟಿಗೆಯಿಂದ ಕದ್ದ ಪುಸ್ತಕ ಓದುತ್ತಿದ್ದಿರಿ, ಕಣ್ಣು ನೋಯುವವರೆಗೆ ಓದಿದಿರಿ. ಆ ಚಟ ಅಲ್ಲೇ ಇತ್ತು. ಅದಕ್ಕೊಂದು ಮನೆ, ಒಂದು ದೀಪ, ಹಿಂದೆ ಒಬ್ಬಳು ಓಡಾಡುವ ಸದ್ದು ಬೇಕಿತ್ತು. ಸಾವಿನ ನಂತರದ ಲೋಕವನ್ನು ಆರನೇ ಸೀಸನ್ನಿನಲ್ಲಿ ತೋರಿಸಿದಾಗಲೂ ನೀವು ಅಲ್ಲಿ ಪತ್ತೇದಾರ, ಮತ್ತು ಕಳ್ಳಿಯನ್ನು ಹಿಡಿಯಲು ಹೂಡಿದ್ದು ಹಳೆಯ ದುಡ್ಡಿನ ಸೂಟ್‌ಕೇಸಿನ ಆಟವನ್ನೇ.

ಆದರೆ ಕಸುಬು ಉಳಿದರೆ ಅದರ ಜೊತೆಗಿನ ರೋಗವೂ ಉಳಿಯುತ್ತದೆ. ಠಕ್ಕ ಯಾರನ್ನೂ ನಂಬುವುದಿಲ್ಲ. ಜ್ಯಾಕ್‌ನ ಬಾಂಬ್ ರಿಪೇರಿಯಲ್ಲಿ ಜೂಲಿಯೆಟ್ ನಿಮ್ಮ ತೋಳಿನಲ್ಲಿ ಸತ್ತಳು. ಮದುವೆಗೆ ಕೇಳಲೆಂದು ಇಟ್ಟುಕೊಂಡಿದ್ದ ಉಂಗುರವನ್ನು ನೀರಿಗೆಸೆದಿರಿ. ಮತ್ತೆ ಯಾರನ್ನೂ ನಂಬದವರಾದಿರಿ. ಅದಾದ ಮೇಲೆ ಜಲಾಂತರ್ನೌಕೆ. ಜ್ಯಾಕ್‌ನ ಚೀಲದಲ್ಲಿ ಬಾಂಬು, ಗಡಿಯಾರ ಇಳಿಯುತ್ತಿದೆ. ಮುಟ್ಟಬೇಡ, ಲಾಕ್‌ನ ರೂಪ ತೊಟ್ಟವನು ನಮ್ಮನ್ನು ಕೊಲ್ಲಲಾರ, ನಾವೇ ನಮ್ಮನ್ನು ಕೊಲ್ಲಲಿ ಎಂದು ಕಾಯುತ್ತಿದ್ದಾನೆ, ಬಿಟ್ಟರೆ ಏನೂ ಆಗುವುದಿಲ್ಲ ಎಂದ ಜ್ಯಾಕ್. ಅವನ ಮಾತು ಯಾಕೆ ನಂಬಬೇಕು? ನೀವು ವೈರು ಕಿತ್ತಿರಿ. ಗಡಿಯಾರ ಒಂದು ಗಳಿಗೆ ನಿಂತಿತು, ಆಮೇಲೆ ಮೊದಲಿಗಿಂತ ವೇಗವಾಗಿ ಓಡಿತು. ಸಯೀದ್ ಬಾಂಬನ್ನು ಎದೆಗವಚಿ ಓಡಿದ. ಸನ್ ಕಬ್ಬಿಣದ ಅಡಿ. ಜಿನ್ ಕೈ ಬಿಡಲಿಲ್ಲ.

ಮರುದಿನ ದಡದಲ್ಲಿ ನೀವು ಜ್ಯಾಕ್‌ನನ್ನು ಕೇಳಿದಿರಿ, ಅವರನ್ನು ನಾನೇ ಕೊಂದೆ ಅಲ್ಲವಾ ಎಂದು. ಜ್ಯಾಕ್ ಇಲ್ಲ ಎಂದ, ಕೊಂದದ್ದು ಬಾಂಬಿಟ್ಟವನು ಎಂದ. ಡಾಕ್ಟರುಗಳು ಹಾಗೆ ಹೇಳುತ್ತಾರೆ. ನೀವು ನಂಬಲಿಲ್ಲ ಎನ್ನುವುದು ನಿಮ್ಮ ಮುಖದಲ್ಲಿ ಕಂಡಿತು.

ಹಾಗಾಗಿ ಈ ಪತ್ರದ ಕೊನೆಗೆ ದೂರು ಹಿಂತೆಗೆದುಕೊಂಡು ಒಂದು ಕೋರಿಕೆ ಇಡುತ್ತಿದ್ದೇನೆ. ಸನ್–ಜಿನ್‌ಗೆ ಒಬ್ಬ ಮಗಳಿದ್ದಾಳೆ, ಜಿ ಯಾನ್. ಸೋಲ್‌ನಲ್ಲಿ ಅಜ್ಜಿಯ ಮನೆಯಲ್ಲಿ ಬಿಟ್ಟು ಅಮ್ಮ ದ್ವೀಪಕ್ಕೆ ಹೋದಳು. ಅಪ್ಪ ಅವಳನ್ನು ಎತ್ತಿಕೊಳ್ಳಲಿಲ್ಲ, ಒಂದು ಕ್ಯಾಮೆರಾದ ಪರದೆಯಲ್ಲಿ ಫೋಟೋ ನೋಡಿದ್ದಷ್ಟೇ. ಕಥೆಯ ಲೆಕ್ಕದಲ್ಲಿ ಅವಳಿಗೆ ಈಗ ಇಪ್ಪತ್ತರ ಆಸುಪಾಸು. ನೀವು ಪತ್ರ ಬರೆದ ವಯಸ್ಸನ್ನು ಎಂದೋ ದಾಟಿದ್ದಾಳೆ. ವೈರು ಕಿತ್ತವನ ಹೆಸರು ಸಾಯರ್ ಎಂದು ಅವಳಿಗೆ ಯಾರಾದರೂ ಹೇಳಿದ್ದರೆ, ಅವಳ ಜೇಬಿನಲ್ಲೂ ಒಂದು ಕಾಗದ ಮಡಿಕೆಯಲ್ಲೇ ಸವೆಯುತ್ತಿರಬಹುದು.

ನಿಮ್ಮ ಪತ್ರವನ್ನು ಬ್ಲ್ಯಾಕ್ ರಾಕ್ ಹಡಗಿನಲ್ಲಿ ಆ ಮುದುಕ ಠಕ್ಕ ಹರಿದು ಹಾಕಿದ, ನೀವು ಅವನ ಕತ್ತಿಗೆ ಸರಪಳಿ ಬಿಗಿದಿರಿ. ಅವನು ಉತ್ತರ ಬರೆಯುವ ಜಾತಿಯವನಲ್ಲ. ನೀವು ಬರೆಯಿರಿ. ಅವಳು ಕೇಳುವ ಮೊದಲೇ ಬರೆಯಿರಿ. ಅಡ್ಡಹೆಸರು ಬೇಡ. ಕೆಳಗೆ ಸಹಿ ಹಾಕುವಾಗ ಜೇಮ್ಸ್ ಫೋರ್ಡ್ ಎಂದೇ ಹಾಕಿ.

ಇಂತಿ,
ನಿಮ್ಮನ್ನು ಕೆಟ್ಟವರೆಂದು ಮೆಚ್ಚಿಕೊಂಡಿದ್ದ ಒಬ್ಬ ವೀಕ್ಷಕ